ಐದನೆಯ ಉಡಿಯ ಗಂಟು

"ಟ್ರಂಕು ತೆಗೆ," ಎಂದ ನಂದನ.

"ತೆಗಿತ್ನಿಲ್ಲೆ," ಎಂದಳು ದೇವಕ್ಕ, ತನ್ನ ಹವ್ಯಕ ಮಾತಿನಲ್ಲಿ. "ಕಳ್ಳಿ ಹೇಳಿ ಮೊದ್ಲೇ ಕರ್ದಾತು, ಈಗ ಹುಡುಕೂದು ಎಂತಕ್ಕೆ? ಆ ಮಾತು ಹಿಂದೆ ತಗ. ಆಮೇಲೆ ಆನೇ ತೆಗಿತೆ."

ನಾನೂ ಅನ್ನಪೂರ್ಣವ್ವನೂ ಬಾಟಿಕ್ ಬಟ್ಟೆಯ ಅಂಗಡಿ ಸುತ್ತಿ, ದಾರಿಯಲ್ಲಿ ಸಿಕ್ಕ ಹತ್ತು ನಿಮಿಷದ ಮಳೆಗೆ ತೊಯ್ದು, ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಕಿವಿಗೆ ಬಿದ್ದದ್ದು ಇಷ್ಟು. ಊರು ಮಲೇಷ್ಯಾದ ಪೆನಾಂಗ್ ದ್ವೀಪದ ಜಾರ್ಜ್‌ಟೌನ್. ಯಾವನೋ ಚೀನೀ ವರ್ತಕ ಹಿಂದೆ ಕಟ್ಟಿಸಿದ, ಈಗಿನ ಮಾಲಕಿ ಪ್ರವಾಸಿಗಳಿಗೆ ಬಾಡಿಗೆಗೆ ಬಿಟ್ಟಿದ್ದ ಮನೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನ ಎಲ್ಲ ಸೇರಿ ಹದಿಮೂರು ಮಂದಿ ಅಲ್ಲಿ ಇಳಿದುಕೊಂಡಿದ್ದೆವು. ಯಲ್ಲಾಪುರದ ನಂದನ ನಮ್ಮನ್ನು ಕರೆತಂದ ಟೂರಿನವನು. ಹುಲಗೋಳದ ದೇವಕ್ಕ ಅಡುಗೆಯವಳು. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ನಮ್ಮ ಕಡೆಯ ಮದುವೆ, ಮುಂಜಿಗಳಲ್ಲಿ ಸೌಟು ಹಿಡಿದೇ ಬದುಕಿದವಳು.

ಅನ್ನಪೂರ್ಣವ್ವ ಬನವಾಸಿ ಕಡೆಯವಳು, ಶಿರಸಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ನಮ್ಮೂರಲ್ಲಿ ಏನಾದರೂ ಕಳುವಾದರೆ ಜನ ಮೊದಲು ಅವಳ ಮಷಿನ್ನಿನ ಮುಂದೆ ಬಂದು ಕೂರುತ್ತಾರೆ, ಪೊಲೀಸ್ ಸ್ಟೇಷನ್ನಿಗೆ ಆಮೇಲೆ ಹೋಗುತ್ತಾರೆ. ನಾನು ಸೀತಾ, ನಿವೃತ್ತ ಶಾಲಾ ಮಾಸ್ತರಿಣಿ. ಅವಳ ಜೊತೆ ತಿರುಗುವುದು, ತಿರುಗಿದ್ದನ್ನು ಬರೆದಿಡುವುದು ನನ್ನ ಚಟ.

ಕಳುವಾದದ್ದು ನಮಿತಾಳ ಚಿನ್ನದ ಅವಲಕ್ಕಿ ಸರ. ಸಿದ್ದಾಪುರದ ವಕೀಲ ರಘುಪತಿಯ ಹೆಂಡತಿ ಅವಳು. ಅಜ್ಜಿಯಿಂದ ಬಂದ ಐದು ತೊಲದ ಸರವನ್ನು ಪರದೇಶಕ್ಕೂ ಹಾಕಿಕೊಂಡು ಬಂದಿದ್ದಳು. ಸ್ನಾನಕ್ಕೆ ಹೋಗುವಾಗ ಮುಂಬಾಗಿಲ ಒಳಗಿನ ಜಗಲಿಯ ಕನ್ನಡಿ ಮೇಜಿನ ಮೇಲೆ ಬಿಚ್ಚಿಟ್ಟಳಂತೆ, ಬಂದು ನೋಡಿದರೆ ಮೇಜು ಬರಿದು. ಏಳು ಮಂದಿ ಗುಡ್ಡದ ರೈಲು ನೋಡಲು ಹೋಗಿದ್ದರು. ಮನೆಯಲ್ಲಿ ಉಳಿದವರು ನಮಿತಾ, ರಘುಪತಿ, ನಂದನ, ದೇವಕ್ಕ. ಮುಂಬಾಗಿಲಿಗೆ ಒಳಗಿಂದಷ್ಟೇ ಚಿಲಕ ತೆರೆಯುವ ಬೀಗ ಇದ್ದುದರಿಂದ ಹೊರಗಿನವರು ಬರುವ ಮಾತಿಲ್ಲ.

"ನಾನೂ ರಘುಪತಣ್ಣನೂ ಮೇಲಿನ ಕೋಣೆಯಲ್ಲಿ ಮೊಬೈಲಲ್ಲಿ ಯಕ್ಷಗಾನ ನೋಡ್ತಿದ್ವಿ," ಎಂದ ನಂದನ. ರಘುಪತಿ ಬಾಯ್ತುಂಬ ಎಲೆಯಡಿಕೆಯ ಕವಳ ತುಂಬಿಕೊಂಡಿದ್ದವನು ಹೂಂಗುಟ್ಟಿದ. "ಕೆಳಗೆ ಇದ್ದಿದ್ದು ದೇವಕ್ಕ ಒಬ್ಬಳೇ. ನನ್ನ ಬ್ಯಾಗ್ ಬೇಕಾದ್ರೆ ನೋಡಿ." ಹೇಳುತ್ತಲೇ ತನ್ನ ಬ್ಯಾಗನ್ನು ನೆಲಕ್ಕೆ ಸುರಿದ. ನಮಿತಾ, ರಘುಪತಿಯವರ ಪೆಟ್ಟಿಗೆಗಳೂ ತೆರೆದವು. ಎಲ್ಲಿಯೂ ಸರ ಸಿಗಲಿಲ್ಲ. ಉಳಿದದ್ದು ದೇವಕ್ಕನ ಟ್ರಂಕು.

"ಈ ದೇಶದ ಪೊಲೀಸರನ್ನ ಕರೀತೀನಿ. ಇಲ್ಲಿಯ ಜೈಲು ಹೇಗಿರ್ತದೆ ಗೊತ್ತುಂಟಾ?" ಎಂದ ನಂದನ.

"ಕರಿ. ಯಂಗೆ ಜೈಲಿನ ಹೆದ್ರಿಕೆ ಇಲ್ಲೆ. ಆದರೆ ಕಳ್ಳಿ ಹೇಳಿಸ್ಕಂಡು ಹುಲಗೋಳಕ್ಕೆ ಹೋದ್ರೆ ಇನ್ನು ಎನ್ನ ಯಾರು ಅಡುಗೆಗೆ ಕರೀತ? ಆ ಮಾತು ಹಿಂದೆ ತಗಳದೇ ಹೋದ್ರೆ, ಪೊಲೀಸಲ್ಲ, ಯಾರೇ ಬಂದ್ರೂ ಕೀಲಿ ಕೊಡ್ತ್ನಿಲ್ಲೆ."

ಹೇಳಿದವಳೇ ಟ್ರಂಕಿನ ಮೇಲೆ ಕೂತಳು. ನನಗೆ ಒಳಗೊಳಗೇ ಖುಷಿಯಾಯಿತು. ಅನ್ನಪೂರ್ಣವ್ವ ಒದ್ದೆ ಸೆರಗು ಹಿಂಡುತ್ತ ನಡುವೆ ಬಂದಳು.

"ಪೊಲೀಸರು ಎಲ್ಲೂ ಓಡಿ ಹೋಗೂದಿಲ್ಲ. ನನಗ ಒಂದ್ ತಾಸು ಕೊಡ್ರಿ."

ಜಗಲಿಯ ಇನ್ನೊಂದು ಮೂಲೆಯಲ್ಲಿ ತಟ್ಟೆಯೊಂದರಲ್ಲಿ ದೇವಿಗೆ ಮಡಿಲು ತುಂಬುವ ಐದು ಉಡಿಗಳಿದ್ದವು. ಆ ಊರಿನ ಬೀದಿಗಳಲ್ಲಿ ಮಸೀದಿ, ಚೀನೀ ದೇವಸ್ಥಾನ, ಇಗರ್ಜಿ ಎಲ್ಲ ನೆರೆಹೊರೆ. ಅದನ್ನೆಲ್ಲ ನೋಡುತ್ತ ಹೋದಾಗ ತಮಿಳರ ಮಾರಿಯಮ್ಮನ ಗುಡಿ ಕಂಡಿತ್ತು. ಶಿರಸಿ ಸೀಮೆಯವರು ಮಾರಿಯಮ್ಮನನ್ನು ಕಂಡ ಮೇಲೆ ಉಡಿ ತುಂಬದೆ ಬಂದಾರೆಯೇ? ಬೆಳಿಗ್ಗೆ ಲಿಟಲ್ ಇಂಡಿಯಾ ಬೀದಿಯಲ್ಲಿ ರವಿಕೆ ಕಣ, ಕೊಬ್ಬರಿ ಬಟ್ಟಲು, ಬೆಲ್ಲ, ಹುರಿಗಡಲೆ ಕೊಂಡು ತಂದಿದ್ದೆವು. ಕೊಬ್ಬರಿ ಬಟ್ಟಲಿಗೆ ಬೆಲ್ಲ, ಹುರಿಗಡಲೆ ತುಂಬಿ, ಮೇಲೊಂದು ಬಟ್ಟಲು ಕವುಚಿ, ಅಕ್ಕಿಯ ನಡುವೆ ಇಟ್ಟು, ನಮಿತಾಳೇ ಐದೂ ಕಣಗಳನ್ನು ಗಂಟು ಕಟ್ಟಿದ್ದಳು. ನಾಲ್ಕು ಇಲ್ಲಿಯ ಅಮ್ಮನಿಗೆ. ಐದನೆಯದನ್ನು ತಾಯಿಯ ಹರಕೆಯೆಂದು ಶಿರಸಿಯ ಅಮ್ಮನಿಗೆ ಒಯ್ಯುತ್ತೇನೆಂದು ನಂದನ ಕೇಳಿಕೊಂಡಿದ್ದ.

ಬೆಳಿಗ್ಗೆ ಉಡಿ ಕಟ್ಟುವ ಹೊತ್ತಿನ ಒಂದು ಸಂಗತಿ ಹೇಳಲು ನನಗೆ ನಾಚಿಕೆಯಾಗುತ್ತದೆ. ದೇವಕ್ಕ ಮೂರು ದಿನದಿಂದ ಚಟ್ನಿಗೆ ಹುರಿಗಡಲೆ ಇಲ್ಲವೆಂದು ಗೊಣಗುತ್ತಿದ್ದಳು. ಉಡಿಯ ತಟ್ಟೆ ಕಂಡು, "ಒಂದು ಮುಷ್ಟಿ ಕೊಡ್ತ್ರಾ?" ಎಂದು ಹತ್ತಿರ ಬಂದಳು. "ಗಂಡ ಇಲ್ಲದವಳು ಉಡಿ ಮುಟ್ಟಬಾರದು, ದೂರ ನಿಲ್ಲು," ಎಂದ ನಂದನ. ಮೂವತ್ತು ವರ್ಷ ಮಕ್ಕಳಿಗೆ ಸಮಾನತೆಯ ಪಾಠ ಹೇಳಿದ ನಾನು ನೆಲದ ಚೀನೀ ಹಂಚುಗಳ ಚಿತ್ತಾರ ನೋಡುತ್ತ ನಿಂತಿದ್ದೆ.

ಅನ್ನಪೂರ್ಣವ್ವ ಮೊದಲು ಉಡಿಗಳ ಮುಂದೆ ಕೂತು ಕನ್ನಡಕ ಏರಿಸಿ ನೋಡಿದಳು, ಮುಟ್ಟಲಿಲ್ಲ. ನಂದನ ನಮ್ಮೆಲ್ಲರ ಸೂಟ್‌ಕೇಸಿನ ಹಿಡಿಕೆಗೆ ಗುರುತಿಗೆಂದು ಕಟ್ಟಿದ್ದ ಕೆಂಪು ಬಟ್ಟೆಯ ಚೂರನ್ನು ಬೆರಳಿಂದ ಸವರಿದಳು. ಬಾಗಿಲ ಬಳಿ ಹೋಗಿ ಚಪ್ಪಲಿಗಳನ್ನು ಒಂದೊಂದಾಗಿ ಮಗುಚಿದಳು. ನಮ್ಮಿಬ್ಬರದ್ದಲ್ಲದೆ ಇನ್ನೊಂದು ಜೊತೆಯೂ ಒದ್ದೆಯಾಗಿತ್ತು, ಗಂಡಸರದ್ದು. ಕೊನೆಗೆ ಹಿತ್ತಿಲ ಕಿಟಕಿಯ ಕೆಳಗೆ ಮೈನಾ ಹಕ್ಕಿಗಳು ಜಗಳವಾಡುತ್ತಿದ್ದಲ್ಲಿಗೆ ನನ್ನನ್ನು ಕರೆದೊಯ್ದಳು. ಹುಲ್ಲಿನಲ್ಲಿ ಬೆಲ್ಲದ ಚೂರಿಗೆ ಇರುವೆ ಮುತ್ತಿತ್ತು. ನಾಲ್ಕೈದು ಹುರಿಗಡಲೆ ಉಳಿದಿದ್ದವು.

"ಸೀತಕ್ಕಾ, ಇದು ಎಲ್ಲಿಂದ ಬಂತ್ರಿ?"

"ಉಡಿಯದ್ದೇ ಇರಬೇಕು. ಕಟ್ಟುವಾಗ ಚೆಲ್ಲಿರಬಹುದು."

"ಜಗಲ್ಯಾಗ ಕಟ್ಟಿದ್ದು ಹಿತ್ತಲದಾಗ ಹೆಂಗ ಚೆಲ್ಲತೈತಿ?" ಎಂದು ಅವಳು ಒಳಗೆ ನಡೆದಳು.

ಚಹಾ ಹೊತ್ತಿಗೆ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿದಳು. ದೇವಕ್ಕ ಮಾತ್ರ ಟ್ರಂಕು ಬಿಟ್ಟೇಳಲಿಲ್ಲ. ನಾವೇ ಟ್ರಂಕಿನ ಸುತ್ತ ಕುರ್ಚಿ ಹಾಕಿಕೊಂಡೆವು.

"ವಕೀಲಸಾಹೇಬ್ರ, ಯಕ್ಷಗಾನದಾಗ ಯಾವ ಪ್ರಸಂಗ ನೋಡಿದ್ರಿ?"

ರಘುಪತಿ ಕವಳ ಉಗಿಯುವ ನೆಪದಲ್ಲಿ ಎದ್ದ.

"ಕುಂದ್ರಿ. ನಿಮ್ಮ ಚಪ್ಪಲಿ ಒದ್ದಿ ಅದಾವು. ಮಳಿ ಬಂದಾಗ ನೀವು ಮನ್ಯಾಗ ಇರಲಿಲ್ಲ. ಅಂಗಿ ತೋಳಿಗೆ ಕೆಂಪು ಖಾರ ಹತ್ತೇತಿ. ದೇವಕ್ಕನ ಅಡಿಗ್ಯಾಗ ಅಂಥಾ ಖಾರ ಇಲ್ಲ. ಎಲ್ಲಿ ಊಟ ಮಾಡಿದ್ರಿ?"

ರಘುಪತಿ ಹೆಂಡತಿಯ ಮುಖ ನೋಡಿದ. ಹಿಂದಿನ ದಿನ ಚೀನೀ ಸಸ್ಯಾಹಾರಿ ಹೋಟೆಲಿನಲ್ಲಿ ಸೋಯಾದಿಂದ ಮೀನಿನ ಆಕಾರ ಮಾಡಿ ಬಡಿಸಿದ್ದಕ್ಕೆ, "ಮೀನಿನ ನೆರಳೂ ಎನ್ನ ತಟ್ಟೆಗೆ ಬಪ್ಪಲಾಗ" ಎಂದು ಗಲಾಟೆ ಮಾಡಿ ಎಲ್ಲರನ್ನೂ ಎಬ್ಬಿಸಿಕೊಂಡು ಬಂದ ಮನುಷ್ಯ.

"ಬೀದಿ ಕೊನೆಯ ಅಂಗಡಿಲಿ," ಎಂದ ಮೆಲ್ಲಗೆ. "ಸಿಗಡಿ ಹಾಕಿದ ನೂಡಲ್ಸು."

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ನೆನಪಾಗಿ ನನಗೆ ನಗು ತಡೆಯಲಾಗಲಿಲ್ಲ. ನಮಿತಾ ಮಾತ್ರ ನಗಲಿಲ್ಲ.

"ಆನು ಹೊರಗೆ ಹೋಗಿದ್ದು ಹೇಳಲಾಗದೆ ಒದ್ದಾಡ್ತಿದ್ದೆ. ಬಾಗಿಲು ತೆಗೆದು ಒಳಗೆ ಬಿಟ್ಟಿದ್ದೂ ನಂದನನೇಯ. ಅಂವ ತಾನಾಗೇ ಯಕ್ಷಗಾನ ಹೇಳಿದ, ಆನು ಹೂಂ ಅಂದೆ," ಎಂದ ರಘುಪತಿ.

"ನಂದನ ನಿಮ್ಮನ್ನ ಉಳಿಸಲಿಲ್ರಿ, ತನ್ನನ್ನ ಉಳಿಸಿಕೊಂಡ," ಎಂದಳು ಅನ್ನಪೂರ್ಣವ್ವ. "ನೀವು ಹೊರಗ ಇದ್ದಾಗ ಅವ ಎಲ್ಲಿದ್ದ ಅಂತ ನೋಡಿದವರು ಯಾರೂ ಇಲ್ಲ. ಈಗ ಕೇಳ್ರಿ. ಹಿತ್ತಲ ಕಿಟಕಿ ಕೆಳಗ ಬೆಲ್ಲ, ಹುರಿಗಡಲಿ ಬಿದ್ದಾವು. ಮನ್ಯಾಗ ಹುರಿಗಡಲಿ ಇದ್ದದ್ದು ಉಡಿಯೊಳಗ ಅಷ್ಟ. ಅಂದರ ಯಾರೋ ಒಂದು ಉಡಿ ಬಿಚ್ಚಿ, ಕೊಬ್ಬರಿ ಬಟ್ಟಲು ಖಾಲಿ ಮಾಡ್ಯಾರ. ಯಾಕ? ಅದರಾಗ ಬ್ಯಾರೆ ಏನೋ ಇಡಾಕ. ಬ್ಯಾಗು ಎಲ್ಲಾರೂ ಹುಡುಕ್ತಾರ. ಅಮ್ಮಗ ಕಟ್ಟಿದ ಉಡಿ ನಮ್ಮ ಕಡಿ ಮಂದಿ ಯಾರೂ ಬಿಚ್ಚೂದಿಲ್ಲ. ಅದಕ್ಕ ನಂದನ ತನ್ನ ಬ್ಯಾಗನ್ನ ಅಷ್ಟು ಧೈರ್ಯದಿಂದ ಸುರಿದ."

"ಹುರಿಗಡಲೆ ದೇವಕ್ಕನೇ ಚೆಲ್ಲಿರಬಹುದಲ್ಲ," ಎಂದ ನಂದನ.

"ಮೂರು ದಿನದಿಂದ ಹುರಿಗಡಲಿ ಹುಡುಕುವ ಅಡಿಗಿ ಹೆಂಗಸು, ಕೈಗೆ ಸಿಕ್ಕಿದ್ದನ್ನ ಹಕ್ಕಿಗೆ ಚೆಲ್ಲತಾಳೇನು? ರಾತ್ರಿ ಚಟ್ನ್ಯಾಗ ಇರತಿತ್ತು."

ದೇವಕ್ಕ ಆಗ ಮೊದಲ ಸಲ ಸ್ವಲ್ಪ ನಕ್ಕಳು.

"ಇನ್ನ ಗಂಟು ನೋಡ್ರಿ. ನಲವತ್ತು ವರ್ಷ ಬಟ್ಟಿ ಹಿಡದೀನಿ. ನಾಲ್ಕು ಗಂಟು ನಮಿತಾ ಕಟ್ಟಿದ್ದು, ತುದಿ ಎರಡೂ ಮ್ಯಾಲೆ ನಿಂತಾವು. ಐದನೇದ್ದು ಎರಡು ಸುತ್ತು ಸುತ್ತಿ, ತುದಿ ಒಳಗ ತೂರಿಸಿ ಬಿಗಿದದ್ದು. ನಮ್ಮ ಪೆಟ್ಟಿಗಿ ಹಿಡಿಕೆಗೆ ನಂದನ ಕೆಂಪು ಚೂರು ಹೆಂಗ ಕಟ್ಯಾನ ನೋಡಿಕೊಳ್ರಿ. ಕೈ ಒಂದ. ಆ ಉಡಿ ಊರಿಗೆ ಒಯ್ಯಾವನೂ ಅವನೇ."

ಎಲ್ಲರೂ ಐದನೆಯ ಗಂಟನ್ನು ನೋಡಿದೆವು. ಆದರೆ ಯಾರ ಕೈಯೂ ಮುಂದೆ ಹೋಗಲಿಲ್ಲ. ತನ್ನ ಅಜ್ಜಿಯ ಚಿನ್ನ ಒಳಗಿದೆಯೆಂದು ಗೊತ್ತಿದ್ದೂ ನಮಿತಾ ಸೆರಗಿನ ಅಂಚು ಹಿಡಿದು ನಿಂತಳು. ಅನ್ನಪೂರ್ಣವ್ವನೂ ಹಿಂಜರಿದಳು. ನಂದನ ಅದನ್ನು ಕಂಡುಬಿಟ್ಟ.

"ಅಮ್ಮನ ಉಡಿ ಅದು. ಬಿಚ್ಚಿದವರ ಮನೆ ಉದ್ಧಾರ ಆಗೋದಿಲ್ಲ. ಧೈರ್ಯ ಇದ್ದವರು ಬಿಚ್ಚಿ," ಎಂದ.

ದೇವಕ್ಕ ಟ್ರಂಕಿನಿಂದ ಎದ್ದಳು.

"ಆನು ಬಿಚ್ಚ್ತೆ. ಗಂಡ ಹೋದ, ಉಡಿ ಹೋತು, ಇವತ್ತು ಮರ್ಯಾದೆಯೂ ಹೋಪಲೆ ಬಂದಿತ್ತು. ಎನ್ನ ಹತ್ರ ಕಳಕಂಬಲೆ ಇನ್ನೆಂತೂ ಉಳದ್ದಿಲ್ಲೆ. ಅಮ್ಮಂಗೆ ಸಿಟ್ಟು ಬಪ್ಪದಾದ್ರೆ ಕದ್ದವನ ಮೇಲೆ ಬರಲಿ."

ತಟ್ಟೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಗಂಟು ಬಿಚ್ಚಿದಳು. ಅಕ್ಕಿ ಸರಿಸಿ ಕೊಬ್ಬರಿ ಬಟ್ಟಲನ್ನು ಮೇಲೆತ್ತಿದಾಗ ಸರ ಸುತ್ತಿಕೊಂಡು ಒಳಗೆ ಕೂತಿತ್ತು. ಅದನ್ನು ಎತ್ತಿ ನಮಿತಾಳ ಕೈಗೆ ಹಾಕಿದಳು.

ನಂದನ ಒಪ್ಪಿಕೊಂಡ. "ಮೇಜಿನ ಮೇಲೆ ಕಂಡಿತು. ಆಸೆ ಆಯ್ತು. ದೇವಕ್ಕನ ಮೇಲೆ ಹೇಳಿದ್ರೆ ಯಾರೂ ಎದುರು ಮಾತಾಡೋದಿಲ್ಲ ಅಂದುಕೊಂಡೆ," ಎಂದ. ಅವನ ಲೆಕ್ಕ ತಪ್ಪೇನೂ ಇರಲಿಲ್ಲ. ಬೆಳಿಗ್ಗೆ ನಾವು ಯಾರೂ ಮಾತಾಡಿರಲಿಲ್ಲವಲ್ಲ.

"ಇಷ್ಟು ಸಾಲ್ತಿಲ್ಲೆ," ಎಂದಳು ದೇವಕ್ಕ. "ಗುಡ್ಡಕ್ಕೆ ಹೋದವ್ವು ಬರಲಿ. ಏಳೂ ಜನರ ಎದುರು ನೀನೇ ಹೇಳವು."

ಅವರು ಬಂದರು, ಅವನು ಹೇಳಿದ. ರಘುಪತಿ ಮನೆಯ ಮಾಲಕಿಗೆ ಫೋನು ಮಾಡಿದ, ಮುಂದಿನದು ಪೊಲೀಸರ ಪಾಲಾಯಿತು. ವಕೀಲನಾಗಿ ಅವನು ಆ ದಿನ ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಸಂಜೆ ಆರೂವರೆಗೆ ಉಡಿಗಳನ್ನು ಹೊತ್ತು ಮಾರಿಯಮ್ಮನ ಗುಡಿಗೆ ಹೊರಟೆವು. ಐದನೆಯದು ಜಗಲಿಯಲ್ಲೇ ಬಿಚ್ಚಿಕೊಂಡು ಬಿದ್ದಿತ್ತು. ದೇವಕ್ಕ ಅದನ್ನು ನೋಡುತ್ತ ಒಂದು ಗಳಿಗೆ ನಿಂತಳು. ನಾನು ಅವಳ ಪಕ್ಕದಲ್ಲಿ ಕೂತು ಅಕ್ಕಿ ಒಟ್ಟುಮಾಡಿದೆ. "ಕಟ್ಟು, ದೇವಕ್ಕಾ," ಎಂದೆ. ಈ ಸಲ ನೆಲ ನೋಡಲಿಲ್ಲ, ಅವಳ ಮುಖವನ್ನೇ ನೋಡಿ ಹೇಳಿದೆ. ಅವಳು ಕಟ್ಟಿದಳು.

ಗುಡಿಯಲ್ಲಿ ಜನ ಇದ್ದರು. ಸರತಿಯಲ್ಲಿ ನಮ್ಮವರೇ ಇಬ್ಬರು ಹೆಂಗಸರು ಹಿಂದೆ ಸರಿದು ಪಿಸುಗುಟ್ಟಿದರು. ದೇವಕ್ಕ ತಿರುಗಿ ಅವರನ್ನು ನೆಟ್ಟಗೆ ನೋಡಿದಳು, ಪಿಸುಮಾತು ನಿಂತಿತು. ತಮಿಳು ಪೂಜಾರಿ ಅವಳ ಕೈಯಿಂದ ಉಡಿ ಇಸಿದುಕೊಂಡು, ಸಂಕಲ್ಪಕ್ಕೆ, "ಯಾರ್ ಪೇರ್?" ಎಂದು ಕೇಳಿದ. ಇಪ್ಪತ್ತು ವರ್ಷ ಬೇರೆಯವರ ಮನೆಯ ಹೆಸರಿನಲ್ಲಿ ನೈವೇದ್ಯ ಬೇಯಿಸಿದವಳು ಬೆನ್ನು ನೇರ ಮಾಡಿ ನಿಂತಳು.

"ಎನ್ನದೇ ಹೆಸರು," ಎಂದಳು. "ದೇವಕಿ ಹೇಳಿ ಹೇಳು."