ನಾಲ್ಕನೆಯ ದಿನದ ಪಾಸು

ನಗರ ರೈಲಿನಲ್ಲಿ ಕಣ್ಣಾಸ್ಪತ್ರೆಗೆ ಒಬ್ಬರಿಗೆ ನಲವತ್ತು. ತಾಯಿ ಮಗಳು ಹೋಗಿಬರಲು ನೂರ ಅರವತ್ತು. ಮೂರು ದಿನದ ಪಾಸಿಗೆ ತಲೆಗೆ ಮುನ್ನೂರು. ನಿಲ್ದಾಣದಲ್ಲಿ ಸಿಕ್ಕ ಮುದುಕ, ಊರಿಗೆ ಮರಳಿದವರು ಬಿಟ್ಟುಹೋದ ಪಾಸುಗಳೆಂದು ಎರಡನ್ನು ನೂರಕ್ಕೆ ಕೊಟ್ಟಿದ್ದ. ಉಳಿತಾಯ ಅರವತ್ತು. ಪಾಸಿನ ಅವಧಿ ಮುಗಿದಿದೆಯೆಂದು ರೈಲಿನೊಳಗೆ ತಪಾಸಣೆಯವರು ಹಾಕಿದ ದಂಡ ಸಾವಿರದ ಇನ್ನೂರು.

ಮಂಗಳವಾರ 11:50ಕ್ಕೆ ಮಗಳು ಠಾಣೆಯಲ್ಲಿ ದೂರು ಬರೆಸಿದಳು.

"ಎಷ್ಟೊತ್ತು ಕೂರಿಸಿದ್ರು?" ಇನ್ಸ್‌ಪೆಕ್ಟರ್ ಕೇಳಿದ.

"ಒಂಬತ್ತೂ ಕಾಲಿಂದ ಹತ್ತೂ ಮುಕ್ಕಾಲು. ದಂಡಕ್ಕೆ ದುಡ್ಡು ಹೊಂದಿಸೋಕೆ ಅಷ್ಟೊತ್ತಾಯ್ತು. ಅಮ್ಮನ ಆಪರೇಷನ್ ಹತ್ತಕ್ಕಿತ್ತು. ಬೇರೆಯವರನ್ನ ಒಳಗೆ ಕರ್ಕೊಂಡ್ರು. ಇನ್ನು ನಾಲ್ಕು ತಿಂಗಳಿಗಂತೆ."

"ಪಾಸು ಕೊಟ್ಟಾತ ಮೋಸಗಾರನ ಥರ ಇರ್ಲಿಲ್ಲಪ್ಪ," ಎಂದಳು ತಾಯಿ. "ಕೂರಿಸಿ ದಾರಿ ಬರ್ಕೊಟ್ಟ."

"ಮೋಸಗಾರ ಮೋಸಗಾರನ ಥರಾನೇ ಇದ್ದಿದ್ರೆ ನಮಗೆ ಕೆಲ್ಸಾನೇ ಇರ್ತಿರ್ಲಿಲ್ಲ, ಅಮ್ಮಾ."

ಎಫ್‌ಐಆರ್ ಆಯಿತು. ಇನ್ಸ್‌ಪೆಕ್ಟರ್ ಪಾಸನ್ನು ತಿರುಗಿಸಿ ನೋಡಿದ. ಹಿಂಬದಿಯಲ್ಲಿ ಪೆನ್ಸಿಲ್‌ನ ಗುಂಡು ಅಕ್ಷರ: ಮೂರನೇ ನಿಲ್ದಾಣ, ಎಡಗಡೆ ಮೆಟ್ಟಿಲು, ಆಸ್ಪತ್ರೆ ಬಾಗಿಲು ಎದುರಿಗೇ. ಮುಂಬದಿಯಲ್ಲಿ ಮೊದಲ ಬಳಕೆಯ ಮುದ್ರೆ: ಶನಿವಾರ, ಮಧ್ಯಾಹ್ನ 2:00.

ಹೆಡ್ ಕಾನ್‌ಸ್ಟೆಬಲ್ ಸಂಜೆಯೊಳಗೆ ರೈಲು ಕಚೇರಿಯಿಂದ ಇಂಥವೇ ನಾಲ್ಕು ದಂಡದ ದಾಖಲೆ ತಂದ. ನಾಲ್ಕೂ ಪಾಸು ಸಿಕ್ಕಿಬಿದ್ದದ್ದು ನಾಲ್ಕನೆಯ ದಿನ, ಮುದ್ರೆಯಲ್ಲಿದ್ದ ಗಂಟೆ ಆಗುವ ಮೊದಲೇ.

"ಗಂಟೆ ಎಣಿಸಿ ಮಾರಿದಾನಲ್ರೀ ಇವನು."

"ಮೊದಲು ಹಾಗೇ ಎಣಿಸ್ತಿದ್ರಂತೆ ಸರ್, ಮುದ್ರೆಯಿಂದ ಎಪ್ಪತ್ತೆರಡು ಗಂಟೆ. ಎರಡು ವರ್ಷದಿಂದ ಮೂರನೇ ದಿನದ ರಾತ್ರಿಗೇ ಮುಗೀತದೆ."

"ಹಳೇ ಲೆಕ್ಕ ಯಾರ ಬಾಯಲ್ಲಿರತ್ತೆ?"

"ಕೌಂಟರ್‌ನಲ್ಲಿ ಕೂತವರ ಬಾಯಲ್ಲಿ. ಮೂರು ವರ್ಷದ ಹಿಂದೆ ಯಂತ್ರ ತಂದು ಅವರನ್ನೆಲ್ಲ ಮನೆಗೆ ಕಳಿಸಿದ್ರು."

ಕೌಂಟರ್‌ನವರ ಹಳೆಯ ಹಾಜರಿ ಪುಸ್ತಕದಲ್ಲಿ ಅದೇ ಗುಂಡು ಅಕ್ಷರ ಸಿಕ್ಕಿತು.

ಬುಧವಾರ 8:10. ಟಿಕೆಟ್ ಯಂತ್ರದ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮುದುಕ, ಹೊಸದಾಗಿ ಬಂದಿಳಿದ ಗಂಡಹೆಂಡಿರಿಗೆ ಹೇಳುತ್ತಿದ್ದ: "ದಿನದ ಪಾಸು ನಿಮಗ್ಯಾಕಮ್ಮ? ಹತ್ತೋದು ಎರಡೇ ಸಲ. ಬಿಡಿ ಟಿಕೆಟ್ ತಗೊಳ್ಳಿ." ಅವನು ಹೇಳಿ ಮುಗಿಸುವವರೆಗೂ ಇನ್ಸ್‌ಪೆಕ್ಟರ್ ಕಾದು ನಿಂತ. ಆಮೇಲೆ ಪಂಚನಾಮೆ ನಡೆಯಿತು. ಚೀಲದಲ್ಲಿ ಏಳು ಪಾಸು, ಎರಡು ಪೆನ್ಸಿಲ್. ಇನ್ಸ್‌ಪೆಕ್ಟರ್ ತಾಯಿ ಮಗಳ ಪಾಸನ್ನು ಮುದುಕನ ಮುಂದೆ ಹಿಡಿದ.

"ಮಧ್ಯಾಹ್ನ ಎರಡರವರೆಗೆ ನಡೀತಿತ್ತಲ್ಲ ಸರ್, ಆ ಪಾಸು?"

"ಇಲ್ಲ ಯಜಮಾನ್ರೇ. ನಿಯಮ ಬದಲಾಗಿ ಎರಡು ವರ್ಷ ಆಯ್ತು."

ಮುದುಕ ಪಾಸಿನ ಮುದ್ರೆಯನ್ನೇ ನೋಡುತ್ತ ನಿಂತ. "ನನಗೆ ಯಾರೂ ಹೇಳ್ಲಿಲ್ಲ."

"ಒಬ್ಬರ ಪಾಸು ಇನ್ನೊಬ್ಬರಿಗೆ ಮಾರೋದು ತಪ್ಪು ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು. ಮೊದಮೊದಲು ಸುಮ್ನೆ ದಾರಿ ಹೇಳ್ತಿದ್ದೆ. ಯಾರೂ ನಿಲ್ತಿರ್ಲಿಲ್ಲ ಸರ್, ಭಿಕ್ಷೆಯವನು ಅಂದ್ಕೊಂಡು ಹೋಗ್ತಿದ್ರು. ಕೈಲಿ ಪಾಸಿದ್ರೆ ನಿಂತು ಕೇಳೋರು." ಜೀಪು ಹತ್ತುವಾಗ ಕೇಳಿದ: "ಆ ಕಣ್ಣಿನ ತಾಯಿ ಆಸ್ಪತ್ರೆ ಸೇರಿದ್ರಾ?"

"ಸೇರಿದ್ರು. ತಡವಾಯ್ತು."

ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಎರಡು ಸಲ ಫೋನು ಮಾಡಿ ಕೇಳಿಕೊಂಡ. ಆಪರೇಷನ್ನಿಗೆ ಅದಕ್ಕಿಂತ ಮೊದಲಿನ ದಿನ ಸಿಗಲಿಲ್ಲ.

ಮುದುಕ ಒಟ್ಟು ಮಾರಿದ್ದು ಹನ್ನೊಂದು ಪಾಸು. ಬಂದ ಐನೂರ ಐವತ್ತೂ ಅವನ ಮನೆಯ ಡಬ್ಬಿಯಲ್ಲಿ ಮುಟ್ಟದೆ ಹಾಗೇ ಇತ್ತು. ನಾಲ್ಕು ತಿಂಗಳ ಮೇಲೆ ವೈದ್ಯರು ತಾಯಿಯ ಎಡಗಣ್ಣನ್ನು ಉಳಿಸಿದರು. ಬಲಗಣ್ಣು ಹೋಯಿತು.