ಎಡಗಡೆಯ ಸದ್ದು

ಕನ್ನಡಕದ ಅಂಗಡಿಯವನು ಆ ಬಾಕ್ಸಿಂಗ್ ಕ್ಲಬ್ಬಿಗೆ ಮೊದಲ ಸಲ ಕಾಲಿಟ್ಟದ್ದು ಗುದ್ದಾಟ ಕಲಿಯುವುದಕ್ಕಲ್ಲ. ಕ್ಲಬ್ಬಿನ ಮುದುಕ ಮೇಷ್ಟ್ರು ಓದುವ ಕನ್ನಡಕಕ್ಕೆ ಹೇಳಿಹೋಗಿದ್ದವರು ತೆಗೆದುಕೊಂಡು ಹೋಗಲು ಮರೆತಿದ್ದರು. "ನೀನೇ ತಂದುಕೊಟ್ಟುಬಿಡಪ್ಪ, ಪುಣ್ಯ ಬರುತ್ತೆ" ಎಂದು ಫೋನು ಮಾಡಿದರು. ಪುಣ್ಯದ ಆಸೆಗೆ ಅವನು ಹೊರಟು ಬಂದ.

ಮೇಷ್ಟ್ರು ಒಳಗೆಲ್ಲೋ ಇದ್ದರು. ಕಾಯುತ್ತ ನಿಂತವನಿಗೆ ಎಡಗೋಡೆಯ ಹತ್ತಿರ ಒಂದು ದುಂಡು ಹಲಗೆ, ಅದರ ಕೆಳಗೆ ಕುತ್ತಿಗೆ ಹಿಡಿದು ನೇತುಹಾಕಿದ ಸೋರೆಬುರುಡೆಯಂಥ ಚರ್ಮದ ಚೆಂಡು ಕಂಡಿತು. ಸ್ಪೀಡ್ ಬ್ಯಾಗ್. ಸುಮ್ಮನೆ ನಿಂತವನ ಕೈ ಸುಮ್ಮನಿರಬೇಕಲ್ಲ? ಒಂದು ಗುದ್ದು ಕೊಟ್ಟ. ಚೆಂಡು ಹಲಗೆಗೆ ಬಡಿದು, ಹೋದಷ್ಟೇ ವೇಗದಲ್ಲಿ ತಿರುಗಿ ಬಂದು, ಅವನ ಮೂಗಿನ ಮೇಲಿದ್ದ ಕನ್ನಡಕವನ್ನು ಎತ್ತಿ ಬಿಸಾಡಿತು.

"ಜೋರಾಗಿ ಕೊಟ್ರಿ, ಅದೂ ಜೋರಾಗೇ ವಾಪಸ್ ಕೊಡ್ತು. ಬಾಕಿ ಇಟ್ಕೊಳ್ಳೋ ಪೈಕಿ ಅಲ್ಲ ಅದು."

ಹೆಂಗಸಿನ ದನಿ. ಅವನು ನೆಲ ತಡಕಿ, ಸೊಟ್ಟಗಾದ ಕನ್ನಡಕವನ್ನು ಮೂಗಿಗೇರಿಸಿ ನೋಡಿದ. ನಡುವೆ ರಿಂಗಿನ ಹಗ್ಗದ ಹತ್ತಿರ, ಬೂದು ಬಣ್ಣದ ಟ್ರ್ಯಾಕ್ ಪ್ಯಾಂಟು ತೊಟ್ಟು, ಕೂದಲನ್ನು ಬಿಗಿಯಾಗಿ ಕಟ್ಟಿದ ಒಬ್ಬಳು ನಿಂತಿದ್ದಳು. ರಿಂಗಿನೊಳಗೆ ಇಬ್ಬರು ಹೊಡೆದಾಡುತ್ತಿದ್ದರು. "ಕೈ ಮೇಲೆ, ಕೈ ಮೇಲೆ" ಎಂದು ಅವರಿಗೆ ಹೇಳುತ್ತಿದ್ದಳು. ಇವನ ಕಡೆ ತಿರುಗಿರಲೇ ಇಲ್ಲ.

ಪ್ರೀತಿ ಕಣ್ಣಿಂದ ಶುರುವಾಗುತ್ತದೆ ಎನ್ನುತ್ತಾರೆ. ಅವನದು ಆ ಹೆಗಲಿನಿಂದ ಶುರುವಾಯಿತು. ಎಷ್ಟು ನೆಟ್ಟಗೆ, ಎಷ್ಟು ಸಮಾಧಾನವಾಗಿ ನಿಂತ ಹೆಗಲು! ಈ ಹೆಂಗಸು ಒಂದೇ ಒಂದು ಸಲ ತಿರುಗಿ ತನ್ನನ್ನು ನೋಡಬೇಕು ಎಂಬ ಆಸೆ ಅಲ್ಲೇ ಹುಟ್ಟಿತು. ಅವಳು ಮೇಷ್ಟ್ರ ಮಗಳು, ಹಿಂದೆ ರಿಂಗಿನಲ್ಲಿ ಗೆದ್ದು ಬಂದವಳು, ಈಗ ಕ್ಲಬ್ಬಿನ ಕೋಚ್ ಅವಳೇ ಎಂದು ಮೇಷ್ಟ್ರಿಂದ ತಿಳಿಯಿತು.

ಮಾರನೆಯ ದಿನವೇ ಅವನು ಸೇರಿಕೊಂಡ.

"ಮೂವತ್ತಾರಕ್ಕೆ ಯಾರಾದ್ರೂ ಗುದ್ದಾಟ ಕಲೀತಾರೇನೋ?" ಮನೆಯಲ್ಲಿ ಅವನ ಅಕ್ಕ ಕೇಳಿದಳು. "ಸ್ಕ್ರೂಡ್ರೈವರ್ ಬಿಟ್ರೆ ನಿನ್ನ ಕೈಲಿ ಬೇರೇನೂ ನಿಲ್ಲಲ್ಲ."

"ಆರೋಗ್ಯಕ್ಕೆ ಒಳ್ಳೇದಂತೆ, ಅಕ್ಕ."

"ಹೌದಾ? ಆ ಆರೋಗ್ಯಕ್ಕೆ ಮದುವೆ ಆಗಿದೆಯೋ ಇಲ್ವೋ, ವಿಚಾರಿಸಿದ್ಯಾ?"

ಮೊದಲ ವಾರ ಅವಳೇ ಕಲಿಸಿದಳು. ಸಣ್ಣ ಬ್ಯಾಗ್ ಬಿಚ್ಚಿ, ಅದಕ್ಕಿಂತ ದೊಡ್ಡದೊಂದನ್ನು ಗಾಳಿ ಕಡಿಮೆ ಮಾಡಿ ಹಾಕಿದಳು. "ದೊಡ್ಡದು ನಿಧಾನ. ಹೊಸಬರಿಗೆ ಇದೇ ಸರಿ." ಚೆಂಡಿನ ಹೊಟ್ಟೆ ಅವನ ಗದ್ದದ ಮಟ್ಟಕ್ಕೆ ಬರುವಂತೆ ಹಲಗೆ ಇಳಿಸಿದಳು. ಆಮೇಲೆ ಅವನ ಹಿಂದೆ ಬಂದು ನಿಂತು, ಎರಡೂ ಮೊಣಕೈಗಳನ್ನು ಹಿಡಿದೆತ್ತಿದಳು. ಅವನಿಗೆ ಉಸಿರಾಡುವುದು ಮರೆತುಹೋಯಿತು.

"ಮುಷ್ಟಿಯ ಮುಂಭಾಗ ಅಲ್ಲ, ಕಿರುಬೆರಳ ಕಡೆಯಿಂದ ತಟ್ಟಿ. ಬಾಗಿಲು ತಟ್ಟೋ ಹಾಗೆ."

ಅವನು ತಟ್ಟಿದ. ಚೆಂಡು ಹುಚ್ಚೆದ್ದು ಕುಣಿಯಿತು.

"ಒಳಗೆ ಮಗು ಮಲಗಿದೆ ಅನ್ಕೊಂಡು ತಟ್ಟಿ."

ಮೆಲ್ಲಗೆ ತಟ್ಟಿದ.

"ಹಾಂ. ಒಂದು ತಟ್ಟು, ಆಮೇಲೆ ಮೂರು ಸದ್ದು ಕೇಳಿ. ಹಲಗೆಯ ಆಚೆ, ಈಚೆ, ಮತ್ತೆ ಆಚೆ. ಮೂರನೇ ಸದ್ದಾಗಿ ಚೆಂಡು ನಿಮ್ಮ ಕಡೆ ಬರ್ತಿರುತ್ತೆ, ಆಗ ಇನ್ನೊಂದು ತಟ್ಟು. ಕೈ ಸಣ್ಣ ಚಕ್ರದ ಹಾಗೆ ಸುತ್ತಬೇಕು, ನೂಲು ಸುತ್ತೋ ಹಾಗೆ. ಕಣ್ಣಿಂದ ಅದನ್ನ ಹಿಡಿಯೋಕೆ ಹೋಗ್ಬೇಡಿ, ಆಗಲ್ಲ. ಕಿವಿಯಿಂದ ಹಿಡೀರಿ."

ಅವನು ತಲೆಯಾಡಿಸಿದ. ಅಂಗಡಿಯಲ್ಲಿ ದಿನವಿಡೀ ಎದುರಿಗೆ ಕೂತವರ ಮುಖಕ್ಕೆ ಮುಖ ಕೊಟ್ಟು "ನೇರ ನೋಡಿ" ಎನ್ನುವ ಮನುಷ್ಯ, ಇಲ್ಲಿ ಅವಳ ಮುಖ ನೋಡುವ ಧೈರ್ಯವಿಲ್ಲದೆ ಅವಳ ಬೂಟನ್ನೇ ನೋಡುತ್ತಿದ್ದ. ಹಳದಿ ಲೇಸು, ಬಲಗಾಲಿನದು ತುದಿಯಲ್ಲಿ ಎಳೆ ಬಿಟ್ಟಿತ್ತು.

ಆ ವಾರ ಕಳೆದ ಮೇಲೆ ಅವಳು ತನ್ನ ಜಾಗಕ್ಕೆ, ರಿಂಗಿನ ಹಗ್ಗದ ಹತ್ತಿರಕ್ಕೆ, ಹೋಗಿಬಿಟ್ಟಳು. ಇವನು ಅವಳ ಎಡಕ್ಕೆ, ಗೋಡೆಯ ಹತ್ತಿರ.

ಕಲಿಕೆ ಕಬ್ಬಿಣದ ಕಡಲೆಯಾಯಿತು. ಚೆಂಡು ಒಂದು ಸಲ ಸರಿಯಾಗಿ ಬಂದರೆ ಹತ್ತು ಸಲ ಪಕ್ಕಕ್ಕೆ ಹೊರಳುತ್ತಿತ್ತು. ಬಟ್ಟೆಪಟ್ಟಿ ಸುತ್ತಿದರೂ ಕೈಯ ಅಂಚು ಕೆಂಪಾಗುತ್ತಿತ್ತು, ತೋಳು ಸೋತು ಬೀಳುತ್ತಿತ್ತು. ಆದರೆ ಅವನು ಹಟಕ್ಕೆ ಬಿದ್ದ. ರಿಂಗಿನಲ್ಲಿ ಸುತ್ತು ಶುರುವಾಗುವ ಗಂಟೆಯ ಸದ್ದಿನಿಂದ ಅದು ಮುಗಿಯುವ ಗಂಟೆಯ ಸದ್ದಿನವರೆಗೆ, ಒಂದು ಪೂರ್ತಿ ಸುತ್ತು ನಿಲ್ಲಿಸದೆ ಆಡಿಸಿದರೆ ಅವಳು ತಿರುಗದೆ ಇರುತ್ತಾಳೆಯೆ ಎಂದುಕೊಂಡ. ಅಂಗಡಿಯಲ್ಲೂ ಮೇಜಿನ ಮೇಲೆ ಬೆರಳಲ್ಲಿ ಒಂದು ತಟ್ಟು, ಮೂರು ಸದ್ದು. ಎದುರು ಕೂತ ಗಿರಾಕಿಯೊಬ್ಬರು ಬೇಸತ್ತು, "ನಾನು ಬೋರ್ಡಿನ ಅಕ್ಷರ ಓದ್ಲಾ, ನಿಮ್ಮ ತಾಳಕ್ಕೆ ಹಾಡ್ಲಾ?" ಎಂದು ಕೇಳಿಯೂಬಿಟ್ಟರು.

ವಿಚಿತ್ರವೆಂದರೆ, ಅವಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ, ಆದರೆ ಅವನ ಒಂದು ತಪ್ಪನ್ನೂ ಬಿಡುತ್ತಿರಲಿಲ್ಲ. ರಿಂಗಿನ ಕಡೆಗೇ ಮುಖ ಮಾಡಿಕೊಂಡು, "ಎಡಗೈ ತಡ" ಎನ್ನುತ್ತಿದ್ದಳು. "ಅವಸರ ಯಾಕೆ? ಬಸ್ಸು ಹಿಡೀಬೇಕಾ?" ಎನ್ನುತ್ತಿದ್ದಳು. ಒಂದು ದಿನ, "ಇವತ್ತು ಸುಸ್ತಾಗಿದ್ದೀರಿ, ಮನೆಗೆ ಹೋಗಿ" ಎಂದಳು. ಆ ದಿನ ಅವನಿಗೆ ನಿಜವಾಗಿಯೂ ಜ್ವರವಿತ್ತು.

"ನೋಡಿದ್ಲಾ?" ಎಂದು ಅಕ್ಕ ಊಟಕ್ಕೆ ಬಡಿಸುವಾಗ ಕೇಳುವಳು.

"ಇಲ್ಲ."

"ಗೋಡೆಗೆ ತಲೆ ಚಚ್ಕೊಂಡ್ರೆ ಗೋಡೆ ತಿರುಗಿ ನೋಡುತ್ತೇನೋ? ಬಿಟ್ಟುಬಿಡು."

"ಬಿಡಲ್ಲ."

ಒಂದು ಸಂಜೆ ಚೆಂಡು ಅವನ ಮಾತು ಕೇಳಿತು. ತಟ್ಟಿದರೆ ಮೂರು ಸದ್ದು, ತಟ್ಟಿದರೆ ಮೂರು ಸದ್ದು. ಮಳೆ ಹನಿ ತಗಡಿನ ಮೇಲೆ ಬಿದ್ದ ಹಾಗೆ ಎಡೆಬಿಡದ ತಾಳ. ಸುತ್ತು ಮುಗಿಯಲು ಇನ್ನು ಸ್ವಲ್ಪವೇ ಇದೆ ಎನ್ನುವಾಗ ತೋಳು ಸೋತು ತಪ್ಪಿತು. ಆದರೂ ಅವನ ಮುಖ ಅರಳಿತ್ತು. ಬೆವರೊರೆಸಿಕೊಂಡು ಅವಳತ್ತ ನೋಡಿದ.

"ಬಲಗೈ ಪರವಾಗಿಲ್ಲ. ಎಡಗೈ ಸೋಮಾರಿ" ಎಂದಳು ಅವಳು, ರಿಂಗಿಗೆ.

ಅವನು ಆ ಹುಮ್ಮಸ್ಸಿನಲ್ಲೇ ಅವಳ ಹತ್ತಿರ ಹೋಗಿ, ಎಡಪಕ್ಕದಲ್ಲಿ ನಿಂತು, ಕೈಯೆತ್ತಿ ನಕ್ಕ. ಅವಳು ಟವೆಲ್ಲಿಗೆಂದು ತಿರುಗಿದವಳು ಅವನ ಭುಜಕ್ಕೆ ತಗುಲಿ, ಕಂಬಕ್ಕೆ ಹೇಳಿದ ಹಾಗೆ "ಸಾರಿ" ಎಂದು ಮುಂದೆ ನಡೆದಳು. ಇಷ್ಟು ದಿನ ಬೂದಿ ಮುಚ್ಚಿದ ಕೆಂಡದಂತಿದ್ದದ್ದು ಭಗ್ಗೆಂದಿತು.

"ಒಂದ್ಸಲ ಈ ಕಡೆ ತಿರುಗಿ ನೋಡಿದ್ರೆ ನಿಮ್ಮ ಕಣ್ಣೇನು ಸವೆದುಹೋಗುತ್ತಾ?"

ರಿಂಗಿನಲ್ಲಿದ್ದ ಇಬ್ಬರೂ ಕೈ ಇಳಿಸಿದರು. ಅವಳು ತಿರುಗದೆಯೇ ಟವೆಲ್ ಎತ್ತಿಕೊಂಡಳು. "ಇವತ್ತಿಗೆ ಎಲ್ಲರಿಗೂ ಸಾಕು" ಎಂದಷ್ಟೇ ಹೇಳಿ, ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಏನು ಒಡೆಯಿತು ಎಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ. ತಿಳಿಸಿದವಳು ಅಲ್ಲಿಗೆ ಬರುತ್ತಿದ್ದ ನರ್ಸ್. ಡ್ಯೂಟಿ ಮುಗಿಸಿ ಬಂದು ಮರಳು ತುಂಬಿದ ದೊಡ್ಡ ಬ್ಯಾಗಿಗೆ ಗುದ್ದಿ, "ಡಾಕ್ಟರಿಗೆ ಹೊಡೆಯೋಕಾಗಲ್ವಲ್ಲ" ಎಂದು ನಗುತ್ತಿದ್ದವಳು ಈಗ ನಗಲಿಲ್ಲ.

"ಏನ್ ಮನುಷ್ಯ ರೀ ನೀವು? ಅವಳಿಗೆ ಎಡಗಣ್ಣು ಕಾಣಲ್ಲ. ರಿಂಗಲ್ಲಿ ಬಿದ್ದ ಏಟು. ಅದಕ್ಕೇ ಆಡೋದು ಬಿಟ್ಟು ಕಲಿಸೋಕೆ ನಿಂತಿದ್ದು. ಇಡೀ ಕ್ಲಬ್ಬಿಗೆ ಗೊತ್ತು!"

ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. "ನನಗೆ ಕಾಣಲಿಲ್ಲ…"

"ಕನ್ನಡಕ ಮಾರೋರಿಗೆ ಅದೂ ಕಾಣಲಿಲ್ವಾ? ಅವಳ ಮುಖ ಒಂದು ದಿನಾನಾದ್ರೂ ಸರಿಯಾಗಿ ನೋಡಿದ್ರೆ ತಾನೇ!"

ದೀಪದ ಬುಡದಲ್ಲಿ ಕತ್ತಲೆ. ಊರವರ ಕಣ್ಣೆಲ್ಲ ಅಳೆದವನು ಬೇಕಾದವಳ ಕಣ್ಣೊಂದನ್ನು ನೋಡಿರಲಿಲ್ಲ. ಅವಳು ತನ್ನನ್ನು ನೋಡುತ್ತಿಲ್ಲ ಎಂದು ತಿಂಗಳುಗಟ್ಟಲೆ ಕೊರಗಿದವನು, ತಾನು ಅವಳನ್ನು ನೋಡಿದ್ದು ಬೂಟಿನವರೆಗೆ ಮಾತ್ರ.

"ಈಗ ಅಯ್ಯೋ ಪಾಪ ಅಂತ ಹೋಗ್ಬೇಡಿ ಮತ್ತೆ" ಎಂದಳು ನರ್ಸ್, ದನಿ ಸ್ವಲ್ಪ ತಗ್ಗಿಸಿ. "ಹಿಂದೊಬ್ಬ ಗಂಡು ನೋಡೋಕೆ ಬಂದಿದ್ದ. 'ಒಂದು ಕಣ್ಣು ಇಲ್ಲದಿದ್ರೂ ಪರವಾಗಿಲ್ಲ, ಅಡ್ಜಸ್ಟ್ ಮಾಡ್ಕೋತೀನಿ' ಅಂದ. 'ಎರಡು ಕಣ್ಣಿದ್ದೂ ನಿಮಗಿಷ್ಟೇ ಕಾಣೋದಾದ್ರೆ ನನಗೆ ಅಡ್ಜಸ್ಟ್ ಆಗಲ್ಲ' ಅಂತ ಬಾಗಿಲು ತೋರಿಸಿದ್ಲು."

ಮನೆಗೆ ಬಂದು ಎಲ್ಲ ಹೇಳಿದ. ಅಕ್ಕ ಹಣೆ ಚಚ್ಚಿಕೊಂಡಳು. "ಹೋಗಿ ಅವಳ ಕಾಲಿಗೆ ಬೀಳು."

"ಇಷ್ಟು ದಿನ ಕಾಲನ್ನೇ ನೋಡಿದ್ದು, ಅಕ್ಕ. ಅದೇ ತಪ್ಪಾಗಿರೋದು."

ಮಾರನೆಯ ದಿನ ಅವನು ಹೋದ. ಅವಳು ಹೊರಗೆ ಬರಲಿಲ್ಲ. ಮೇಷ್ಟ್ರೇ ಹಗ್ಗದ ಹತ್ತಿರ ನಿಂತಿದ್ದರು. ಅವನು ತಲೆ ತಗ್ಗಿಸಿ ಅವರಿಗೆ ನಡೆದದ್ದು ಹೇಳಿದ. ಮೇಷ್ಟ್ರು ಗಡ್ಡ ಕೆರೆದುಕೊಂಡರು.

"ಗೊತ್ತಾಗದೆ ಆಡಿದ ಮಾತು, ಅವಳಿಗೂ ಗೊತ್ತು. ಬಲಗೋಡೆ ಹತ್ರ ಇನ್ನೊಂದು ಸ್ಪೀಡ್ ಬ್ಯಾಗ್ ಇದೆ ನೋಡಪ್ಪ. ಅಲ್ಲಿಗೆ ಹೋಗು. ಅವಳು ಬಂದಾಗ ಕಣ್ಣಿಗೆ ಬೀಳ್ತೀಯ."

ಅವನು ಯೋಚಿಸಿದ. "ಬೇಡ ಮೇಷ್ಟ್ರೇ. ಅವರು ನನ್ನ ಈ ಕಡೆಯಿಂದ ಕೇಳಿಸ್ಕೊಂಡಿದ್ದಾರೆ. ಇಲ್ಲೇ ಇರ್ತೀನಿ."

ಪಟ್ಟಿ ಸುತ್ತಿಕೊಂಡು ಎಡಗೋಡೆಯ ಹತ್ತಿರವೇ ನಿಂತ. ಅವಳಿಲ್ಲದ ಕ್ಲಬ್ಬಿನಲ್ಲಿ ಚೆಂಡು ಆಡಿಸುವುದು ಯಾರೂ ಇಲ್ಲದ ಮನೆಯ ಬಾಗಿಲು ತಟ್ಟಿದ ಹಾಗಿತ್ತು. ಆದರೂ ತಟ್ಟಿದ. ಆ ದಿನವೂ, ಮರುದಿನವೂ, ಅದರ ಮರುದಿನವೂ. ಸೋಮಾರಿ ಎನಿಸಿಕೊಂಡ ಎಡಗೈಯೊಂದನ್ನೇ ಸಂಜೆಯೆಲ್ಲ ದುಡಿಸಿದ. ಮುಚ್ಚಿದ ಬಾಗಿಲ ಆಚೆಗೂ ಸದ್ದು ಹೋಗುತ್ತದೆ ಎಂಬುದೊಂದೇ ಅವನ ನಂಬಿಕೆ.

ಆ ವಾರದ ಕೊನೆಗೆ ಬಾಗಿಲು ತೆರೆಯಿತು. ಅವಳು ನೇರವಾಗಿ ಅವನ ಹತ್ತಿರ ಬಂದಳು.

"ಕ್ಷಮೆ ಕೇಳೋದಿದ್ರೆ ಬೇಡ. ನನಗೆ ಕೇಳಿ ಕೇಳಿ ಸಾಕಾಗಿದೆ."

"ಕೇಳಿದ ರೀತಿ ತಪ್ಪು" ಎಂದ ಅವನು. ಈ ಸಲ ತಲೆ ತಗ್ಗಿಸಲಿಲ್ಲ. "ಕೇಳಿದ್ದು ತಪ್ಪಲ್ಲ. ಇವತ್ತೂ ಅದನ್ನೇ ಕೇಳ್ತೀನಿ. ನನ್ನ ನೋಡ್ತೀರಾ?"

ಅವಳ ತುಟಿಯ ಒಂದು ಕೊನೆ ಮಾತ್ರ ಅಲುಗಿತು. "ಒಂದು ಸುತ್ತು ಆಡಿಸಿ. ಗಂಟೆಯಿಂದ ಗಂಟೆಗೆ. ನಿಂತ್ರೆ ಉತ್ತರ ಇಲ್ಲ."

ಗಂಟೆ ಬಾರಿಸಿತು. ಅವನು ತಟ್ಟಿದ. ಅವಳು ಸುತ್ತಿ ಬಂದು, ಹಲಗೆಯ ಆಚೆ, ಸರಿಯಾಗಿ ಅವನ ಎದುರಿಗೆ ಗೋಡೆಗೊರಗಿ ನಿಂತಳು. ಕುಣಿಯುವ ಚೆಂಡಿನ ಆಚೆ ಅವನು ಮೊದಲ ಸಲ ಅವಳ ಮುಖವನ್ನು ಪೂರ್ತಿ ಕಂಡ. ಎಡ ಹುಬ್ಬಿನ ನಡುವೆ ಹಳೆಯ ಗಾಯದ ಸಣ್ಣ ಗೆರೆ. ಒಂದು ಕಣ್ಣು ಅವನನ್ನು ನೋಡುತ್ತಿತ್ತು. ಇನ್ನೊಂದು ಅವನ ಕಡೆ ಸುಮ್ಮನೆ ತೆರೆದುಕೊಂಡಿತ್ತು. ಎರಡೂ ಚೆಂದವಿದ್ದವು.

ಚೆಂಡು ಒಂದಿಷ್ಟು ಹೊರಳಿತು. ಕಿವಿಯಿಂದ ಹಿಡಿದ.

"ಮನೇಲಿ ಯಾರಿದ್ದಾರೆ?" ಅವಳು ಕೇಳಿದಳು. ಅವನ ತಾಳ ತಪ್ಪಿಸುವುದಕ್ಕೇ ಕೇಳಿದ್ದು, ಮುಖದ ತುಂಬ ತುಂಟತನ.

"ಅಕ್ಕ."

"ಜಗಳಗಂಟಿಯಾ?"

"ಬಾಯಿ ಮಾತ್ರ."

"ನನಗೂ ಬಾಯಿದೆ."

"ಕೇಳಿದ್ದೀನಿ. ದಿನಾ."

ಅವಳು ನಕ್ಕಳು. ಆ ನಗುವಿಗೆ ಅವನ ತೋಳು ಕರಗಿ ಬೀಳುವುದೊಂದು ಬಾಕಿ. ಹಲ್ಲು ಕಚ್ಚಿ ತಟ್ಟಿದ. ಆಚೆ, ಈಚೆ, ಆಚೆ.

"ನಿಮ್ಮ ಮುಖ ಮೊದಲ ವಾರವೇ ನೋಡಿದ್ದೆ. ನೀವು ನೆಲ ನೋಡ್ತಾ ನಿಂತಿದ್ರಿ, ನಾನು ಆರಾಮಾಗಿ ನೋಡ್ದೆ."

"ಏನ್… ಅನ್ನಿಸ್ತು?"

"ಎರಡು ದಿನಕ್ಕೆ ಬಿಟ್ಟು ಓಡ್ತಾರೆ ಅನ್ನಿಸ್ತು."

"ಆಮೇಲೆ?"

ಅವಳು ಬೆರಳನ್ನು ತನ್ನ ಎಡಗಣ್ಣಿನ ಪಕ್ಕಕ್ಕೆ ತಂದಳು.

"ಆ ಕಡೆ ನನಗೆ ಎಲ್ಲಾ ಕತ್ತಲು ರೀ. ಯಾರು ಬಂದ್ರೂ ಹೋದ್ರೂ ಗೊತ್ತಾಗಲ್ಲ. ಎಷ್ಟೋ ವರ್ಷ ಆ ಕಡೆ ಏನೂ ಇರಲಿಲ್ಲ. ನೀವು ಬಂದ್ರಿ. ದಿನಾ ಸಂಜೆ ಆ ಕತ್ತಲಲ್ಲಿ ಒಬ್ರು ಇದ್ದಾರೆ, ತಪ್ಪು ಮಾಡ್ತಾ, ಮತ್ತೆ ಮಾಡ್ತಾ, ಹೋಗದೆ ಅಲ್ಲೇ ಇದ್ದಾರೆ ಅಂತ ಕೇಳಿಸ್ತಿತ್ತು. ನೀವು ತಡವಾಗಿ ಬಂದ ದಿನ ನಾನು ರಿಂಗಲ್ಲಿ ಏನು ಹೇಳ್ತಿದ್ದೆ ಅಂತ ನನಗೇ ಗೊತ್ತಿರಲಿಲ್ಲ."

ಗಂಟೆ ಬಾರಿಸಿತು. ಅವನಿಗೆ ಕೇಳಿಸಲಿಲ್ಲ, ತಟ್ಟುತ್ತಲೇ ಇದ್ದ. ಅವಳೇ ಕೈ ಚಾಚಿ ಚೆಂಡನ್ನು ಹಿಡಿದು ನಿಲ್ಲಿಸಿದಳು.

"ಸಾಕು. ಉತ್ತರ ಕೊಟ್ಟಾಯ್ತು."

"ನನಗೆ ನೀವು ಇಷ್ಟ" ಎಂದ ಅವನು ಏದುಸಿರು ಬಿಡುತ್ತ. ಅಷ್ಟು ದಿನ ಕಟ್ಟಿಟ್ಟಿದ್ದ ಮಾತು ಇಷ್ಟೇ ಆಯಿತಲ್ಲ ಎಂದು ಅವನಿಗೇ ನಾಚಿಕೆಯಾಯಿತು.

"ಅದೂ ಕೇಳಿಸಿದೆ" ಎಂದಳು. "ಜಾಕೆಟ್ ತರ್ತೀನಿ, ಇರಿ. ನಿಮ್ಮ ಅಕ್ಕನ ಬಾಯಿ ಎಷ್ಟಿದೆ ನೋಡೇಬಿಡೋಣ."

ಹೊರಗೆ ಬೀದಿದೀಪ ಆಗಷ್ಟೇ ಹತ್ತಿತ್ತು. ಆಫೀಸು ಬಿಟ್ಟ ಜನ, ಸ್ಕೂಟರುಗಳು, ಹಾರನ್ ಸದ್ದು. ಮೆಟ್ಟಿಲಿಳಿದ ಮೇಲೆ ಅವನು ಸರಸರ ಸುತ್ತಿ ಅವಳ ಬಲಕ್ಕೆ ಬಂದ.

"ಎಲ್ಲಿಗೆ?"

"ಈ ಕಡೆ ಇದ್ರೆ ಕಾಣ್ತೀನಲ್ಲ."

"ಈ ಕಡೆ ನಾನೇ ನೋಡ್ಕೋತೀನಿ" ಎಂದು ಅವಳು ಅವನ ತೋಳು ಹಿಡಿದು, ದಾರಿಗಡ್ಡವಾದ ಕುರ್ಚಿ ಸರಿಸುವಷ್ಟು ಸಲೀಸಾಗಿ ಅತ್ತ ಸರಿಸಿದಳು. "ನೀವು ಆ ಕಡೆಗೇ ಇರಿ."

ಅವನು ಎಡಕ್ಕೆ ಬಂದು ನಿಂತ. ರಸ್ತೆಯ ಎಡ ತುದಿಯಿಂದ ಒಂದು ಸ್ಕೂಟರು ಬಂದು ಹೋಗುವವರೆಗೆ ತಡೆದು, "ಹೂಂ, ನಡೀರಿ" ಎಂದ.

ಅವಳು ಆ ಕಡೆಗೆ ತಲೆ ತಿರುಗಿಸದೆಯೇ ರಸ್ತೆ ದಾಟಿದಳು.