ಕರ್ಚೀಫಿನ ಗಂಟು

ಹಸನ್ ಮೊದಲ ಸಲ ಆ ಅಂಗಡಿಯ ಮೆಟ್ಟಿಲು ಹತ್ತಿದಾಗ ತಾನು ಯಾಕೆ ಬಂದೆ ಎಂಬುದನ್ನೇ ಮರೆತಿದ್ದ.

ಶಿವಾಜಿನಗರ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅಹ್ಮದ್ ಪಾಷಾ ಅವರದು ಬಟ್ಟೆಗೆ ಬಣ್ಣ ಹಾಕುವ ಅಂಗಡಿ. ಒಳಗೆ ಒಲೆ, ಕುದಿಯುವ ಬಣ್ಣದ ಹಂಡೆಗಳು, ಅವುಗಳ ಮುಂದೆ ಪಾಷಾ. ಹೊರಗೆ ಕೌಂಟರಿನಲ್ಲಿ ಮಗಳು ನಾಜಿಶ್. ಮೇಲಿನ ಮಹಡಿಯಲ್ಲೇ ಮನೆ. ಹಸನ್ ಬಂದವನು ಅವಳ ಮುಖ ನೋಡಿದ, ಹಂಡೆಗಳನ್ನು ನೋಡಿದ, ಕೊನೆಗೆ ತನ್ನ ಅಂಗೈ ನೋಡಿಕೊಂಡ.

"ಏನ್ ಬೇಕಿತ್ತು?"

"ಅದೇ... ಒಂದ್ನಿಮಿಷ ಇರ್ರೀ. ಏನೋ ಬೇಕಿತ್ತು."

"ಇಲ್ಲಿ ಬಣ್ಣ ಬಿಟ್ರೆ ಬೇರೇನೂ ಸಿಗಲ್ಲ."

"ಹಾಂ, ಬಣ್ಣ! ನಮ್ಮ ಖಾಲಾದು ದುಪಟ್ಟಾ!" ಎಂದವನು ಜೇಬು ತಡವಿದ, ಬ್ಯಾಗು ತಡಕಿದ, ಹೊರಗೆ ಹೋಗಿ ಬೈಕಿನ ಸೀಟು ಎತ್ತಿ ನೋಡಿ ಬಂದ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ದುಪಟ್ಟಾ ಅವನ ತೋಳಿಗೆ ಸಿಕ್ಕಿಸಿಕೊಂಡಿದ್ದ ಹೆಲ್ಮೆಟ್ಟಿನೊಳಗೇ ಇತ್ತು. ನಾಜಿಶ್ ಕಣ್ಣಲ್ಲೇ ತೋರಿಸಿದಳು. ಅವನು ನಕ್ಕ. ತನ್ನನ್ನು ಕಂಡು ತಾನೇ ನಗಬಲ್ಲ ಗಂಡಸನ್ನು ಅವಳು ಅದುವರೆಗೆ ನೋಡಿರಲಿಲ್ಲ, ಅಲ್ಲೇ ಸೋತಳು.

ಹೋಗುವಾಗ ಆ ಹೆಲ್ಮೆಟ್ಟನ್ನೇ ಕೌಂಟರಿನ ಮೇಲೆ ಬಿಟ್ಟು ಹೋದ. ಅರ್ಧ ಗಂಟೆಯ ಮೇಲೆ ಓಡಿಬಂದು, "ಹಲಸೂರಲ್ಲಿ ಪೊಲೀಸ್ ಕೈ ಅಡ್ಡ ಹಾಕ್ದಾಗ್ಲೇ ಗೊತ್ತಾಗಿದ್ದು," ಎಂದ.

ಆಮೇಲೆ ಛತ್ರಿ ಬಿಟ್ಟ. ಊಟದ ಡಬ್ಬಿ ಬಿಟ್ಟ. ಒಂದು ದಿನ ಬೈಕನ್ನೇ ಅಂಗಡಿಯ ಮುಂದೆ ಬಿಟ್ಟು ಮನೆಗೆ ಬಸ್ಸು ಹತ್ತಿದ. ಬಿಟ್ಟದ್ದನ್ನು ಒಯ್ಯಲು ಬರುತ್ತಿದ್ದ, ಬಂದಾಗ ಇನ್ನೊಂದನ್ನು ಬಿಡುತ್ತಿದ್ದ. ಬೇಕೆಂದೇ ಬಿಡುತ್ತಾನೆ ಎಂದು ನಾಜಿಶ್ ನಂಬಿದಳು. ಪ್ರೀತಿ ಬಂದವರಿಗೆ ಏನು ಹೇಳಿದರೂ ಅಷ್ಟೇ. ಛತ್ರಿಯನ್ನು ಕೌಂಟರಿನ ಕೆಳಗೆ ತಳ್ಳಿ, "ಇಲ್ಲಿ ಯಾವ್ದೂ ಇಲ್ವಲ್ಲ, ನಾಳೆ ಬಂದು ನೋಡಿ," ಎನ್ನುವುದನ್ನೂ ಕಲಿತಳು.

ಇಬ್ಬರ ಮನೆಮಾತೂ ದಖ್ಖನಿ ಉರ್ದುವೇ. ಆದರೂ ಅಂಗಡಿಯಲ್ಲಿ ಕನ್ನಡದಲ್ಲೇ ಮಾತು. ಮಗಳು ಕನ್ನಡದಲ್ಲಿ ಮಾತಾಡಿದರೆ ಎದುರಿಗಿರುವವನು ಗಿರಾಕಿ, ದಖ್ಖನಿಯಲ್ಲಿ ಮಾತಾಡಿದರೆ ಯಾರೋ ಹುಡುಗ. ಪಾಷಾ ಅವರ ಕಿವಿ ಇಷ್ಟರ ಮೇಲೆ ನಡೆಯುತ್ತಿತ್ತು. ಹೀಗೆ ಒಂದು ವರ್ಷ 'ಏನ್ರೀ', 'ಹೋಗ್ಬನ್ರೀ' ಎನ್ನುತ್ತಲೇ ಇಬ್ಬರೂ ದನಿ ತಗ್ಗಿಸಿ 'ನೀನು' ಎನ್ನುವಲ್ಲಿಗೆ ಬಂದಿದ್ದರು.

ಹಸನ್ ಲಿಫ್ಟ್ ರಿಪೇರಿ ಮಾಡುವವನು. ಅಪ್ಪ ಅಮ್ಮ ಇಲ್ಲ, ಕಗ್ಗದಾಸಪುರದಲ್ಲಿ ಸಾಕಿ ಬೆಳೆಸಿದವಳು ಚಿಕ್ಕಮ್ಮ, ಖುರ್ಷೀದಾ ಖಾಲಾ. ಇಂದಿರಾನಗರದ ಯಾವ ಬಿಲ್ಡಿಂಗಿನ ಲಿಫ್ಟಿಗೆ ಯಾವಾಗ ಹಗ್ಗ ಬದಲಾಯಿಸಿದ್ದು ಎಂದು ಕೇಳಿದರೆ ತಾರೀಖು ಸಮೇತ ಹೇಳುತ್ತಿದ್ದ. ನಾಜಿಶ್ ಅದನ್ನು ಮೆಚ್ಚಿಕೊಂಡಿದ್ದಳೇ ಹೊರತು ಅದರಿಂದ ಏನನ್ನೂ ಕಲಿಯಲಿಲ್ಲ.

ಅಷ್ಟರಲ್ಲಿ ಕೆ.ಆರ್. ಪುರದಿಂದ ಸಂಬಂಧ ಬಂತು. ಹುಡುಗ ಸಕ್ಲೇನ್, ಟೈಲ್ಸ್ ಅಂಗಡಿ. ಶುಕ್ರವಾರ ಸಂಜೆ ಐದಕ್ಕೆ ಮಾತು ಕೊಡುವುದೆಂದು ಪಾಷಾ ಒಪ್ಪಿಬಿಟ್ಟಿದ್ದರು. ನಾಜಿಶ್ ಅಮ್ಮನ ಮುಂದೆ ಅತ್ತು ಎಲ್ಲ ಹೇಳಿದಳು.

ಅಮ್ಮ ಕಮರುನ್ನೀಸಾ ಬೈಯಲಿಲ್ಲ. "ಹೆಣ್ಣಿನ ಕಡೆಯವರು ನಾವಾಗಿ ಹೋಗಿ ಕೇಳೋ ಹಾಗಿಲ್ಲ. ಅವನ ಹಿರಿಯರು ಯಾರಾದ್ರೂ ಶುಕ್ರವಾರ ನಾಲ್ಕರೊಳಗೆ ಮನೆಗೆ ಬಂದು ಕೇಳ್ಲಿ. ನಿಮ್ಮಪ್ಪನ್ನ ನಾನು ನೋಡ್ಕೋತೀನಿ," ಎಂದಳು. "ಅವ್ರು ಬಂದು ಸಕ್ಕರೆ ತಿನ್ಸಿ, ನಾವು ಮಾತು ಕೊಟ್ಮೇಲೆ ಮಾತ್ರ ನನ್ನ ಕೈಲಿ ಏನೂ ಆಗಲ್ಲ."

ಬುಧವಾರ ಹಸನ್ ಬಂದಾಗ ನಾಜಿಶ್ ಹೇಳಿದಳು. ಅವನ ಮುಖ ಬಿಳಿಚಿಕೊಂಡಿತು.

"ಖಾಲಾ ಬರ್ತಾಳೆ. ಕರೆದ್ರೆ ಓಡಿ ಬರ್ತಾಳೆ. ಇವತ್ತೇ ಹೇಳ್ತೀನಿ."

"ಮೊಬೈಲಲ್ಲಿ ರಿಮೈಂಡರ್ ಹಾಕ್ಕೋ."

"ಅದು ಕೂಗುತ್ತೆ, ಆಫ್ ಮಾಡ್ತೀನಿ, ಯಾಕೆ ಕೂಗ್ತು ಅಂತ ಮರೀತೀನಿ. ನೀನೇ ಏನಾದ್ರೂ ಮಾಡು."

ಆ ಅಂಗಡಿಯಲ್ಲಿ ಚೀಟಿ ನಡೆಯುವುದಿಲ್ಲ, ಹಂಡೆಯಲ್ಲಿ ಅಕ್ಷರ ಕರಗಿಹೋಗುತ್ತದೆ. ಬೇಕಾದ ಬಣ್ಣದ ಒಂದು ತುಂಡು ಬಟ್ಟೆಯನ್ನು ಗಿರಾಕಿಯ ಬಟ್ಟೆಯ ಮೂಲೆಯಲ್ಲಿಟ್ಟು ಗಂಟು ಕಟ್ಟುತ್ತಾರೆ. ಎಷ್ಟು ಕುದಿಸಿದರೂ ಆ ಗಂಟು ಬಿಚ್ಚುವುದಿಲ್ಲ, ಯಾವ ಬಟ್ಟೆಗೆ ಯಾವ ಬಣ್ಣ ಎಂಬ ಲೆಕ್ಕ ತಪ್ಪುವುದಿಲ್ಲ. ಹುಟ್ಟಿದಾಗಿನಿಂದ ಗಂಟನ್ನೇ ನಂಬಿದವಳು ಹಸನ್‌ನ ನೀಲಿ ಕರ್ಚೀಫು ಇಸಿದುಕೊಂಡು ಮೂಲೆಗೆ ಬಿಗಿಯಾಗಿ ಒಂದು ಗಂಟು ಹಾಕಿದಳು.

"ಇದನ್ನ ನೋಡಿದಾಗೆಲ್ಲ ಶುಕ್ರವಾರ ಅನ್ಕೋ."

"ಶುಕ್ರವಾರ," ಎಂದು ಅವನು ಗಂಟನ್ನು ತುಟಿಗೆ ಒತ್ತಿಕೊಂಡು ಹೋದ.

ಶುಕ್ರವಾರ ಮೂರು ಗಂಟೆಗೆ ಕಮರುನ್ನೀಸಾ ಚಿನ್ನದ ಅಂಚಿನ ಕಪ್ಪುಗಳನ್ನು ಕೆಳಗಿಳಿಸಿ ತೊಳೆದಿಟ್ಟಳು. ಮೂರೂವರೆಗೆ ಒಮ್ಮೆ, ಮೂರೂ ಮುಕ್ಕಾಲಿಗೆ ಒಮ್ಮೆ ಕಿಟಕಿಯಿಂದ ಬಗ್ಗಿ ನೋಡಿದಳು. ನಾಜಿಶ್ ಕೈಯಲ್ಲಿ ಫೋನಿತ್ತು, ಹಸನ್ ಹೆಸರು ತೆರೆದೇ ಇತ್ತು. ಒಂದು ಸಲ ಒತ್ತಿದರೆ ಸಾಕಿತ್ತು. ವರ್ಷವೆಲ್ಲ ಅವನ ಛತ್ರಿಗೆ, ಡಬ್ಬಿಗೆ, ಖಾಲಾಗೆ ಒಯ್ಯಬೇಕಾದ ಮಾತ್ರೆಗೆ ತಾನೇ ನೆನಪಾಗಿದ್ದೆ, ತನ್ನನ್ನು ಬೇಡಿ ಬರುವುದಕ್ಕೂ ತಾನೇ ನೆನಪು ಮಾಡಬೇಕೇ ಎನ್ನಿಸಿತು. ಒತ್ತಲಿಲ್ಲ.

ಐದಕ್ಕೆ ಕೆ.ಆರ್. ಪುರದವರು ಬಂದರು. ಅದೇ ಕಪ್ಪುಗಳಲ್ಲಿ ಚಹಾ ಕುಡಿದರು. ಸಕ್ಲೇನನ ತಾಯಿ ನಾಜಿಶ್ ಬಾಯಿಗೆ ಸಕ್ಕರೆ ಇಟ್ಟು ಹಣೆಗೆ ಮುತ್ತಿಟ್ಟಳು.

ಶನಿವಾರ ಮಧ್ಯಾಹ್ನ ಹಸನ್ ಬಂದ. ಹೆಲ್ಮೆಟ್ಟನ್ನು ಕೌಂಟರಿನ ಮೇಲಿಟ್ಟ, ಜೇಬಿನಿಂದ ಕರ್ಚೀಫು ತೆಗೆದ. ಖಾಲಾ ಅದನ್ನು ಗಂಟಿನ ಸಮೇತ ಒಗೆದು ಇಸ್ತ್ರಿ ಮಾಡಿದ್ದಳು.

"ಏನ್ರೀ, ಬೆಳಗ್ಗೆಯಿಂದ ತಲೆ ಕೆಡಿಸ್ಕೊಂಡಿದೀನಿ," ಎಂದು ನಗುತ್ತಲೇ ಅವಳ ಕಡೆ ಬಾಗಿದ. "ಈ ಗಂಟು ನೀನೇ ಹಾಕಿದ್ದು, ಅಷ್ಟು ಗೊತ್ತು. ಯಾಕೆ ಹಾಕ್ದೆ ಹೇಳು?"

ನಾಜಿಶ್ ಅವನನ್ನೇ ನೋಡಿದಳು. ವರ್ಷವಿಡೀ ಕಾದು ನೋಡಿದ ನಗು ಅದು. ಅವಳ ಮುಖ ನೋಡುತ್ತ ನೋಡುತ್ತ ಅದು ಮೆಲ್ಲಗೆ ಆರಿಹೋಯಿತು.

"ಶುಕ್ರವಾರ," ಎಂದ.

"ಖಾಲಾಗೆ ಹೇಳಿದ್ಯಾ?"

"ಹೇಳಿದ್ನಲ್ಲ... ಇಲ್ಲ. ನಾಜಿಶ್, ಹೇಳಿಲ್ಲ." ಅವನು ಕರ್ಚೀಫನ್ನು ಕೌಂಟರಿನ ಮೇಲಿಟ್ಟ. "ಬುಧವಾರದಿಂದ ಮನಸ್ಸಲ್ಲೇ ಎಷ್ಟು ಸಲ ಹೇಳಿದೀನಿ ಗೊತ್ತಾ? ಹೆಂಗೆ ಶುರು ಮಾಡ್ಲಿ, ಅವಳು ಏನಂತಾಳೆ, ಯಾವ ಸೀರೆ ಉಟ್ಕೊಂಡು ಬರ್ತಾಳೆ... ಹೇಳ್ಬಿಟ್ಟಿದೀನಿ ಅನ್ನಿಸ್ಬಿಡ್ತು."

"ನಿನ್ನೆ ಎಲ್ಲಿದ್ದೆ?"

"ಇಂದಿರಾನಗರ. ಲಿಫ್ಟ್ ನಿಂತೋಗಿತ್ತು, ಒಳಗೆ ಯಾರೋ ಅಜ್ಜಿ ಇದ್ರು."

"ಎಷ್ಟೊತ್ತಿಗೆ ಕರೆದ್ರು?"

"ಎರಡೂವರೆಗೆ."

"ನೀನು ಹೋಗಿದ್ದು?"

"ಎರಡೂ ಮುಕ್ಕಾಲಿಗೆಲ್ಲ ಹೋಗ್ಬಿಟ್ಟಿದ್ದೆ," ಎಂದವನಿಗೆ ತಾನು ಏನು ಹೇಳಿದೆನೆಂದು ಆಮೇಲೆ ಹೊಳೆಯಿತು. "ಈಗ್ಲೇ ಖಾಲಾನ ಕರ್ಕೊಂಡು ಬರ್ತೀನಿ. ಒಂದೇ ಒಂದು ಗಂಟೆ ಕೊಡು."

"ನಿನ್ನೆ ಸಕ್ಕರೆ ತಿನ್ಸಿ ಹೋದ್ರು."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಅವನು ಕೌಂಟರು ಹಿಡಿದು ನಿಂತ.

"ಒಂದು ಫೋನ್ ಮಾಡ್ಬಾರ್ದಿತ್ತಾ? ನಾನು ಹಿಂಗೇ ಅಂತ ನಿಂಗೆ ಗೊತ್ತಿತ್ತು."

"ಮಾಡ್ಬಹುದಿತ್ತು."

"ಮತ್ತೆ ಯಾಕ್ ಮಾಡ್ಲಿಲ್ಲ?"

"ಇದೊಂದನ್ನಾದ್ರೂ ನೀನೇ ನೆನಪಿಟ್ಕೋತೀಯ ಅನ್ಕೊಂಡೆ."

ಒಳಗಿನಿಂದ ಪಾಷಾ ಯಾರದು ಎಂದು ಕೇಳಿದರು. "ಗಿರಾಕಿ, ಅಬ್ಬಾ," ಎಂದಳು. ಒಂದು ವರ್ಷದಿಂದ ಹೇಳುತ್ತಿದ್ದ ಸುಳ್ಳು ಅವತ್ತು ನಿಜವಾಯಿತು.

ಕರ್ಚೀಫು ತೆಗೆದುಕೊಂಡು ಉಗುರಿನಿಂದ ಗಂಟು ಬಿಚ್ಚತೊಡಗಿದಳು. ಒಗೆದು ಬಿಗಿದುಹೋಗಿತ್ತು, ಹಲ್ಲಿನಿಂದ ಕಚ್ಚಿ ಎಳೆಯಬೇಕಾಯಿತು. ಬಿಚ್ಚಿದಾಗ ಒಳಗೆ ಏನೂ ಇರಲಿಲ್ಲ. ಎಂಥ ಅವಸರದ ಗಿರಾಕಿಗೂ ತುಂಡು ಇಡದೆ ಗಂಟು ಕಟ್ಟಿದವಳಲ್ಲ ಅವಳು. ತನ್ನ ಪಾಲಿಗೆ ಬಂದಾಗ, ಮದುವೆಯ ಹಳದಿ ಬಟ್ಟೆಯ ಒಂದು ಚೂರನ್ನಾದರೂ ಅದರೊಳಗೆ ಇಡಲು ತಾನೂ ಮರೆತಿದ್ದಳು. ಅದನ್ನು ಅವನಿಗೆ ಹೇಳಲಿಲ್ಲ. ಕರ್ಚೀಫನ್ನು ಅಂಗೈಯಿಂದ ತೀಡಿ ಮಡಿಸಿ ಕೊಟ್ಟಳು.

ಅವನು ಅದನ್ನು ಜೇಬಿಗೆ ತುರುಕಿಕೊಂಡ. ಮೆಟ್ಟಿಲಿಳಿದು ಹೋದ.

ಹೆಲ್ಮೆಟ್ ಕೌಂಟರಿನ ಮೇಲೇ ಉಳಿದಿತ್ತು. ಅಭ್ಯಾಸಬಲ, ಅದನ್ನು ಕೆಳಗೆ ತಳ್ಳಲು ಕೈ ಚಾಚಿದವಳು ಹಾಗೇ ನಿಂತಳು. ಆಮೇಲೆ ಎತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಗಲ್ಲಿಗೆ ಓಡಿದಳು.

ಗಲ್ಲಿಯ ತುದಿಯಲ್ಲಿ ಹಸನ್ ಬೈಕು ಸ್ಟಾರ್ಟ್ ಮಾಡುತ್ತಿದ್ದ. ಅವಳು ಓಡಿಬರುವುದನ್ನು ಕಂಡು ಅವನ ಮುಖದಲ್ಲಿ ಜೀವ ಬಂತು. ನಾಜಿಶ್ ಹೆಲ್ಮೆಟ್ಟನ್ನು ಅವನ ಕೈಗಿಟ್ಟಳು.

"ಇನ್ನೇನೂ ಬಿಟ್ಟಿಲ್ಲ," ಎಂದಳು, ಏದುಸಿರು ಬಿಡುತ್ತ. "ಎಲ್ಲಾ ನೋಡ್ಕೊಂಡೇ ಬಂದೆ."